ಲಡಾಖಿನ ಸುಣ್ಣಕಟ್ಟು

ಉಪ್ಪಿನಕಾಯಿ ಜಾಡಿಯ ಕಂಠದಲ್ಲಿ ಒಂದು ಬೆಳಿಗ್ಗೆ ಬೂಷ್ಟು ಕಾಣಿಸಿಕೊಂಡರೆ ನಮ್ಮ ಮನೆಯಲ್ಲಿ ವಿಚಾರಣೆಯೆಂಬುದು ನಡೆಯುವುದಿಲ್ಲ, ನೇರವಾಗಿ ಶಿಕ್ಷೆ. ಉಪ್ಪಿನಕಾಯಿ ತಿಪ್ಪೆಗೆ, ಜಾಡಿ ಹಿತ್ತಿಲಿನ ಬಿಸಿಲಿಗೆ, ಒದ್ದೆ ಚಮಚ ಅದ್ದಿದವನೆಂಬ ಗುಮಾನಿಗೆ ಗುರಿಯಾದ ನಾನು ಜಗಲಿಗೆ. ಮೂವತ್ತು ವರ್ಷ ಕನಕಪುರದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಿದ ನನಗೆ ಬೂಷ್ಟಿನ ವಿಷಯದಲ್ಲಿ ಇದ್ದ ಪಾಂಡಿತ್ಯವೆಂದರೆ, ಪುಸ್ತಕದಲ್ಲಿ ಅದನ್ನು ಶಿಲೀಂಧ್ರವೆಂದು ಕರೆಯುತ್ತಾರೆ ಎಂಬುದಷ್ಟೇ. ಆ ಹೆಸರನ್ನು ಮೊದಲು ಕೇಳಿದಾಗ ಯಾವುದೋ ಪರ್ವತದೇಶದ ಅರಸ ಕಿರೀಟ ಸರಿಮಾಡಿಕೊಳ್ಳುತ್ತ ನಿಂತಂತೆ ನನಗೆ ಭಾಸವಾಗಿತ್ತು. ಅದೇ ಅರಸ ನಮ್ಮ ಅಡುಗೆಮನೆಗೆ ಬಂದರೆ ಬೂಷ್ಟು, ರೇಷ್ಮೆಹುಳದ ಮನೆಗೆ ಬಂದರೆ ಸುಣ್ಣಕಟ್ಟು.

ರಾಮನಗರ, ಚನ್ನಪಟ್ಟಣದ ಕಡೆಯವರಿಗೆ ಸುಣ್ಣಕಟ್ಟನ್ನು ವಿವರಿಸುವ ಅಗತ್ಯವಿಲ್ಲ. ಮಿಕ್ಕವರ ಸಲುವಾಗಿ ಹೇಳುತ್ತೇನೆ. ಈ ಶಿಲೀಂಧ್ರ ಹೊಕ್ಕ ರೇಷ್ಮೆಹುಳು ಸೊಪ್ಪು ತಿನ್ನುವುದನ್ನು ಬಿಟ್ಟು ಸಾಯುತ್ತದೆ, ಸತ್ತ ಮೇಲೆ ಗಟ್ಟಿಯಾಗಿ, ಮೈಮೇಲೆ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಆ ಬಿಳಿ ಪುಡಿ ಗಾಳಿಗೆ ಹಾರಿತೆಂದರೆ ಮನೆಯ ಹುಳವೆಲ್ಲ ಹೋದಂತೆಯೇ. ಆದ್ದರಿಂದ ಸತ್ತ ಹುಳುವನ್ನು ಬೆಳ್ಳಗಾಗುವ ಮೊದಲೇ ಆರಿಸಿ ಸುಡಬೇಕು. ನನ್ನ ಹೆಂಡತಿ ಜಯಮ್ಮ ಚನ್ನಪಟ್ಟಣದ ಹತ್ತಿರದ ಹಳ್ಳಿಯಲ್ಲಿ ಹುಳ ಸಾಕುವವರ ಮನೆಯಲ್ಲಿ ಹುಟ್ಟಿದವಳು. ಅಕ್ಷರ ಕಲಿಯುವುದಕ್ಕಿಂತ ಮುಂಚೆ ಈ ಆರಿಸುವ ಕೆಲಸವನ್ನು ಕಲಿತಳು. ಈಗಲೂ ನಮ್ಮ ಮನೆಯ ಗೋಡೆಗೆ ಅಂಟಿಕೊಂಡೇ ಅವಳ ತಮ್ಮನ ಹುಳದ ಮನೆಯಿದೆ.

ಇನ್ನು ಮಾದೇಶನ ವಿಷಯ. ಅವನು ಉಯ್ಯಂಬಳ್ಳಿ ಕಡೆಯ ಕುರಿ ಸಾಕುವವರ ಮನೆಯವನು, ನಮ್ಮದೇ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕ, ನನ್ನನ್ನು ‘ಲೇ’ ಎಂದು ಕರೆಯುವ ಹಕ್ಕುಳ್ಳ ಕೆಲವೇ ಜನರಲ್ಲಿ ಒಬ್ಬ. ನಡುವಯಸ್ಸು ದಾಟಿದ ಮೇಲೆ ಅವನಿಗೆ ಶೀತಲ ಮರುಭೂಮಿಯ ಮಣ್ಣಿನಲ್ಲಿರುವ ಶಿಲೀಂಧ್ರಗಳ ಹುಚ್ಚು ಹಿಡಿಯಿತು. ಮಳೆಯಿಲ್ಲದ, ಮರವಿಲ್ಲದ, ನೀರು ಕಲ್ಲಾಗುವ ಚಳಿಯ ನೆಲದಲ್ಲಿ ಬೂಷ್ಟು ಬದುಕುವುದಾದರೂ ಹೇಗೆ ಎಂದು ನಾನು ಕೇಳಿದರೆ, ಬದುಕುವುದಷ್ಟೇ ಅಲ್ಲ, ಈ ಕಲ್ಲಿನಡಿಯ ಕುಲವೇ ಬೇರೆ, ನಾಲ್ಕು ಮಾರು ಆಚೆಯ ಕಲ್ಲಿನಡಿಯ ಕುಲವೇ ಬೇರೆ ಎಂದು ಸ್ಟಾಫ್ ರೂಮಿನಲ್ಲಿ ಕಾಫಿ ಆರುವವರೆಗೂ ಹೇಳುತ್ತಿದ್ದ. ಒಂದು ಬೇಸಿಗೆ ರಜೆಯಲ್ಲಿ ಸಹೋದ್ಯೋಗಿಗಳ ಗುಂಪು ಲಡಾಖಿಗೆ ಹೊರಟಾಗ ಅವನೂ ಹೊರಟ. ಮಿಕ್ಕವರು ಹಿಮದ ಬೆಟ್ಟದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಇವನು ಹೊಟ್ಟೆಯ ಮೇಲೆ ಮಲಗಿ, ಕುದಿಸಿ ತಂದಿದ್ದ ಚಮಚದಿಂದ ಕಲ್ಲಿನ ಬುಡ ಕೆರೆಯುತ್ತಿದ್ದನಂತೆ. ಅವರು ಶಾಲು ತಂದರು, ಒಣಗಿದ ಜರ್ದಾಳು ತಂದರು. ಇವನು ತಂದದ್ದು ಮಣ್ಣು ಎಂದು ನಾನು ಶ್ಲೇಷೆ ಮಾಡಿದೆ. ಅದಕ್ಕೆ ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಹಿಂದಿರುಗಿದ ವರ್ಷದೊಳಗೆ ಅವನ ಹೊಟ್ಟೆಯಲ್ಲಿ ಗಡ್ಡೆ ಪತ್ತೆಯಾಯಿತು. ಅಷ್ಟರಲ್ಲಿ ಅವನು ತಂದ ಮಣ್ಣು ಹೆಚ್ಚೂಕಡಿಮೆ ಎಲ್ಲವೂ ಒಂದೊಂದಾಗಿ, ಶಿಲೀಂಧ್ರ ಬೆಳೆಸುವ ಮುಚ್ಚಳದ ಗಾಜಿನ ತಟ್ಟೆಗಳಿಗೆ ಬಿದ್ದಿತ್ತು. ಮೇಲೆದ್ದು ಬಂದವೆಲ್ಲ ಈಗಾಗಲೇ ಜಗತ್ತಿಗೆ ಗೊತ್ತಿದ್ದ, ಹೆಸರಿದ್ದ ಶಿಲೀಂಧ್ರಗಳು. ಕೊನೆಯ ಒಂದು ಚಿಟಿಕೆ ಮಣ್ಣು ಉಳಿದಿತ್ತು, ಎಲ್ಲಕ್ಕಿಂತ ಎತ್ತರದ ಜಾಗದ್ದು. ಅದನ್ನು ಕೊನೆಯ ತಟ್ಟೆಗೆ ಹಾಕಿ, ಕಾಲೇಜಿನ ಫ್ರಿಜ್ಜು ಕೆಟ್ಟಿದ್ದರಿಂದ ಪೆಟ್ಟಿಗೆಯೊಂದರಲ್ಲಿಟ್ಟು ನಮ್ಮ ಮನೆಗೆ ತಂದುಕೊಟ್ಟ. ಮರುದಿನ ಅವನು ಆಸ್ಪತ್ರೆ ಸೇರಬೇಕಿತ್ತು.

“ಎರಡು ತಿಂಗ್ಳು ಫ್ರಿಜ್ಜಲ್ಲೇ ಇರ್ಲಿ ಕಣ್ಲಾ. ಮುಚ್ಚಳ ಮಾತ್ರ ತೆಗೀಬ್ಯಾಡ. ಇದ್ರಾಗೆ ಒಂದು ಹೊಸದು ಬಂದ್ಬುಟ್ರೆ ಸಾಕು, ನಾನು ಬದುಕಿದ್ದಕ್ಕೆ ಒಂದು ಗುರ್ತು ಉಳೀತದೆ.”

ಆಸ್ಪತ್ರೆಯವರು ಅವನನ್ನು ಕತ್ತರಿಸಿ ನೋಡಿ, ಹೊಲಿದು, ಊರಿಗೆ ಕರೆದುಕೊಂಡು ಹೋಗಿ ಎಂದರು. ಉಯ್ಯಂಬಳ್ಳಿಗೆ ನಾನು ಬಸ್ಸಿನಲ್ಲಿ ಹೋದಾಗಲೆಲ್ಲ ಅವನು ತನ್ನ ನೋವಿನ ಸುದ್ದಿಗಿಂತ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: “ಬಂತೇನ್ಲಾ?” ಇಲ್ಲವೆಂದರೆ, “ಅದುಕ್ಕೆ ಅವಸರ ಇಲ್ಲ. ಅವಸರ ನಂಗೆ” ಎನ್ನುತ್ತಿದ್ದ.

ಐದು ವಾರ ಕಳೆದರೂ ತಟ್ಟೆಯಲ್ಲಿ ಏನೂ ಕಾಣಲಿಲ್ಲ. ಸೊಪ್ಪಿನ ಕಟ್ಟು, ಹಾಲಿನ ಪಾತ್ರೆಗಳ ನಡುವೆ ಕೂತಿದ್ದ ಆ ತಟ್ಟೆಯನ್ನು ನಾನು ದಿನಕ್ಕೆ ಹತ್ತು ಸಲ ನೋಡುತ್ತಿದ್ದೆ. ಅವನು ಇಳಿದುಹೋಗುತ್ತಿದ್ದ ವೇಗಕ್ಕೂ ಇದರ ನಿಧಾನಕ್ಕೂ ತಾಳೆಯಾಗದೆ ನನಗೆ ದಿಗಿಲಾಗುತ್ತಿತ್ತು. ಒಂದು ಮಧ್ಯಾಹ್ನ ಮುಚ್ಚಳದ ಒಳಗೆ ಹಬೆ ಕಟ್ಟಿ ಏನೂ ಕಾಣದಿದ್ದಾಗ, ಅದನ್ನು ತೆಗೆದು ಪಂಚೆಯ ಅಂಚಿನಿಂದ ಒರೆಸಿ, ಮಣ್ಣನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಮತ್ತೆ ಮುಚ್ಚಿದೆ. ಛಂದಸ್ಸಿನಲ್ಲಿ ಒಂದು ಮಾತ್ರೆ ಹೆಚ್ಚಾದರೆ ಸಿಡಿಮಿಡಿಗೊಳ್ಳುವ ನಾನು, ‘ತೆಗೀಬ್ಯಾಡ’ ಎಂಬ ನಾಲ್ಕಕ್ಷರವನ್ನು ಅಷ್ಟು ಸಲೀಸಾಗಿ ದಾಟಿಬಿಟ್ಟೆ. ಅಂದಿನಿಂದ ಫ್ರಿಜ್ಜಿನ ಚಳಿ ಅತಿಯಾಯಿತೇನೋ ಎಂದುಕೊಂಡು ತಟ್ಟೆಯನ್ನು ದಿನಾ ಮಧ್ಯಾಹ್ನ ಕಿಟಕಿಯಲ್ಲಿ ಇಡತೊಡಗಿದೆ. ಎಂಟನೆಯ ದಿನ ಅದರಲ್ಲಿ ಬೆಳ್ಳಗೆ, ಹತ್ತಿಯಂತೆ ಒಂದು ಬಿಲ್ಲೆ ಮೂಡಿತ್ತು.

ಆ ಸಂತೋಷದಲ್ಲಿ ನನ್ನ ನಾಲಿಗೆ ತನ್ನ ಹಳೆಯ ಚಾಳಿಗೆ ಹೊರಳಿತು. ಜಯಮ್ಮ ಹಾಲು ತೆಗೆಯಲು ಬಂದವಳು, “ಏನ್ರೀ ಅದು?” ಎಂದಳು. ಮೃತ್ತಿಕೆ, ಶಿಲೀಂಧ್ರ ಎಂದೆಲ್ಲ ಹೇಳಬಹುದಿತ್ತು, ಮಾದೇಶನ ಪ್ರಾಣ ಎಂದರೂ ಸುಳ್ಳಾಗುತ್ತಿರಲಿಲ್ಲ. ನಾನು ಹುಬ್ಬು ಕುಣಿಸಿ, “ಇದು ಲಡಾಖಿನ ಸುಣ್ಣಕಟ್ಟು ಕಣೇ!” ಎಂದೆ. ಅವಳು ನಗಲಿಲ್ಲ. ಅವಳು ನಗದಿದ್ದುದನ್ನು ನಾನು ಅರಸಿಕತೆಯೆಂದು ಭಾವಿಸಿ ಜಗಲಿಗೆ ಹೋಗಿ ಪತ್ರಿಕೆ ಓದಿದೆ.

ಮರುದಿನ ಪೇಟೆಯಿಂದ ಬರುವಷ್ಟರಲ್ಲಿ ಹಿತ್ತಿಲ ಒಲೆಯಲ್ಲಿ ಗಾಜಿನ ಚೂರು ಬಿದ್ದಿತ್ತು. ಗೋಡೆಯಾಚೆ ತಮ್ಮನ ಹುಳಗಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದು, ಮಳೆ ಬಿದ್ದ ಸದ್ದಿನಲ್ಲಿ ಸೊಪ್ಪು ಮೇಯುತ್ತಿದ್ದವು. ಜಯಮ್ಮ ಫ್ರಿಜ್ಜನ್ನೂ ಕಿಟಕಿಯನ್ನೂ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ತೊಳೆದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, “ಗೊತ್ತಿದ್ದೂ ಅದನ್ನ ಮನೇಲಿ ಮಡಿಕ್ಕಂಡಿದ್ರಲ್ಲ, ನಿಮಗೆ ಬುದ್ಧಿ ಐತಾ?” ಎಂದಳು. ಅವಳಿಗೆ ನಿಜ ಹೇಳಿದೆ. ಅವಳು ಅಲ್ಲೇ ಒಲೆಯ ಮುಂದೆ ಕುಸಿದು ಕೂತು, “ಮಾದೇಸಣ್ಣಂಗೆ ಏನಂತ ಹೇಳೀರಿ?” ಎಂದು ಅತ್ತಳು. ಅವಳ ಮೇಲೆ ಸಿಟ್ಟು ಮಾಡಲು ನನಗೆ ಒಂದು ಕಾರಣವೂ ಸಿಗಲಿಲ್ಲ.

ಐದು ದಿನ ಧೈರ್ಯ ಕೂಡಿಸಿಕೊಂಡು ಉಯ್ಯಂಬಳ್ಳಿಗೆ ಹೋದೆ. ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಎಷ್ಟೋ ಸಲ ತಿದ್ದಿಕೊಂಡಿದ್ದೆ. ಮಂಚದಲ್ಲಿ ಮಾದೇಶನಿಗಿಂತ ಕಂಬಳಿಯೇ ಹೆಚ್ಚಾಗಿ ಕಾಣುತ್ತಿತ್ತು. ಅವನು ಕಣ್ಣು ತೆರೆದು, “ಬಂತೇನ್ಲಾ?” ಎಂದ. ತಿದ್ದಿಕೊಂಡದ್ದೆಲ್ಲ ಮರೆತು, “ಬಂತು ಕಣ್ಲಾ” ಎಂದುಬಿಟ್ಟೆ.

ಆ ಮುಖ ಅರಳಿದ್ದನ್ನು ನಾನು ನೋಡಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ವರ್ಣನೆ ನನ್ನ ವೃತ್ತಿ. ಬೆಳ್ಳಗೆ, ಹತ್ತಿಯಂತೆ, ಇಷ್ಟಗಲ ಎಂದು ಬೆರಳಲ್ಲಿ ತೋರಿಸಿದೆ. ಅವನು ಬಹಳ ಹೊತ್ತು ನನ್ನ ಬೆರಳನ್ನೇ ನೋಡಿದ.

“ಮುಚ್ಚಳ ತೆಗೆದಿದ್ಯಾ?”

“ಒಸಿ. ಒಂದೇ ಸಲ.”

“ತೆಗೆದ್ಮ್ಯಾಕೆ ಎಷ್ಟು ದಿನಕ್ಕೆ ಬಂತು?”

“ಎಂಟು ದಿನ.”

“ಅಲ್ಲೀದು ಹಿಂಗೆ ಎಂಟು ದಿನಕ್ಕೆ ಬೆಳ್ಳಗೆ ಉಬ್ಬಾಕಿಲ್ಲ ಕಣ್ಲಾ. ಕಪ್ಪಗೆ, ಸಾಸಿವೆಕಾಳಿನಷ್ಟು, ಮುನಿಸ್ಕೊಂಡು ಬತ್ತದೆ. ಇದು ನಮ್ಮೂರ್ದು. ನಿಮ್ಮ ಮನೆ ಗಾಳೀದು.”

ಸುಟ್ಟುಹೋಯಿತೆಂದು ಮೊದಲೇ ಹೇಳಿದ್ದರೆ ಅವನು ನನ್ನನ್ನು ಬೈದು, ಸುಟ್ಟದ್ದು ಹೊಸದೇ ಇದ್ದಿರಬಹುದು ಎಂದಾದರೂ ನಂಬಿಕೊಳ್ಳುತ್ತಿದ್ದ. ಅವನಿಗೆ ಸಂತೋಷ ಕೊಡಲು ಹೋಗಿ ಆ ನಂಬಿಕೆಯನ್ನೂ ಕಿತ್ತುಕೊಂಡೆ. ನನ್ನ ಮೇಲೆ ನನಗೆ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ. ಅವನು ಕಂಬಳಿಯೊಳಗಿಂದ ಕೈ ತೆಗೆದು ನನ್ನ ಮುಂಗೈ ಹಿಡಿದ.

“ಜಯಮ್ಮನ ತಮ್ಮಂಗೆ ಪಕ್ಕದಲ್ಲೇ ಹುಳ ಐತಲ್ಲ. ತಟ್ಟೆ ಮಡಿಕ್ಕಬ್ಯಾಡ. ಇವತ್ತೇ ಸುಟ್ಬುಡು.”

“ಸುಡ್ತೀನಿ ಕಣ್ಲಾ” ಎಂದೆ.

ಅವನು ಸರಿ ಎನ್ನುವಂತೆ ತಲೆಯಾಡಿಸಿ, ಗೋಡೆಯ ಕಡೆಗೆ ಹೊರಳಿ ಮಲಗಿದ. ಅದಾದ ಮೇಲೂ ನಾನು ಮೂರು ಸಲ ಹೋದೆ. ಅವನು ಮಳೆಯ ಬಗ್ಗೆ ಕೇಳಿದ, ಕಾಲೇಜಿನ ಬಗ್ಗೆ ಕೇಳಿದ, ಜಯಮ್ಮನ ತಮ್ಮನ ರೇಷ್ಮೆಗೂಡು ಚೆನ್ನಾಗಿ ಬಂತೇ ಎಂದು ಕೇಳಿದ. ಬಂತು ಎಂದೆ.