ಕರಜಗಿಯ ಆಕಾಶ ಮಿರಜಿಗೆ ಹೋದದ್ದು

ನಮ್ಮ ಮನೆತನದಲ್ಲಿ ಎರಡು ಹಳೆಯ ಗೋಳಗಳಿವೆ. ಒಂದು ಭೂಮಿಯದು, ಇನ್ನೊಂದು ಆಕಾಶದ್ದು. ಎರಡೂ ದೊಡ್ಡ ಕುಂಬಳಕಾಯಿಯಷ್ಟು ಇವೆ. ಕಡೆದ ಕಾಲುಗಳ ಕಟ್ಟಿಗೆಯ ಸ್ಟ್ಯಾಂಡು, ಸುತ್ತಲೂ ಹಿತ್ತಾಳೆಯ ಬಳೆ. ಯಾವುದೋ ಹಳೆಯ ವಾಡೆಯ ಗ್ರಂಥಾಲಯ ಮುಚ್ಚಿ ಸಾಮಾನು ಹರಾಜಿಗೆ ಇಟ್ಟಾಗ ಅಜ್ಜ ಅಂಗಡಿಗೊಂದು ತಕ್ಕಡಿ ತರಲು ಹೋಗಿದ್ದನಂತೆ. ತಕ್ಕಡಿ ಬೇರೆ ಯಾರದೋ ಪಾಲಾಯಿತು. ಅಜ್ಜ ಈ ಜೋಡಿಯನ್ನು ಬಂಡಿಯಲ್ಲಿ ಜೋಳದ ಕಣಿಕೆಯ ನಡುವೆ ಇಟ್ಟುಕೊಂಡು ಮುಚ್ಚಂಡಿಗೆ ಬಂದ. ಅಜ್ಜಿ ಸಾಯುವತನಕ ಇದನ್ನು ಹೇಳಿ ನಗುತ್ತಿದ್ದಳು.

ಅಪ್ಪ ಮತ್ತು ಕಾಕಾ ಬೇರೆಯಾದದ್ದು ಜಗಳದಿಂದಲ್ಲ. ಕಾಕಾನಿಗೆ ಕರಜಗಿಯಲ್ಲಿ ಕಿರಾಣಿ ಅಂಗಡಿ ಹಾಕುವ ಮನಸ್ಸಾಯಿತು, ಹೋದ. ಹಂಡೆ, ಕೊಪ್ಪರಿಗೆ, ಮಂಚಗಳನ್ನು ಹಂಚಿದ ಹಾಗೆಯೇ ಗೋಳಗಳನ್ನೂ ಹಂಚಿದರು. ಭೂಮಿ ನಮ್ಮ ಪಾಲಿಗೆ ಬಂತು, ಆಕಾಶ ಕಾಕಾನ ಸಂಸಾರದ ಜೊತೆ ಕರಜಗಿಗೆ ಹೋಯಿತು. ನಾನು ಹುಟ್ಟುವುದಕ್ಕೆ ಮುಂಚಿನ ಮಾತು ಇದು. ನಾನು ಭೂಮಿಯನ್ನು ತಿರುಗಿಸುತ್ತಲೇ ಬೆಳೆದೆ. ಮುಂದೆ ಗಡಿಯಾಚೆ ಮರಾಠಿ ಸೀಮೆಯಲ್ಲಿರುವ ನಮ್ಮ ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲಿ ಭೂಗೋಳ ಕಲಿಸಿ, ಈಗ ನಿವೃತ್ತಳಾಗಿ ಮುಚ್ಚಂಡಿಯ ಮನೆಯಲ್ಲೇ ಇದ್ದೇನೆ. ಗೋಳ ನನ್ನ ಪುಸ್ತಕದ ಕಪಾಟಿನ ಪಕ್ಕ ನಿಂತಿದೆ.

ಆಕಾಶವನ್ನು ನೋಡಬೇಕಾದರೆ ಕರಜಗಿಗೆ ಹೋಗಬೇಕಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಕಟ್ಟಿಗೆಯ ಬಾಕಿನ ಮೇಲೆ ಅದು ಇರುತ್ತಿತ್ತು. ಅದರ ಮೇಲೆ ಬರೀ ನಕ್ಷತ್ರಗಳಿಲ್ಲ. ನಕ್ಷತ್ರಗಳ ಗುಂಪಿಗೊಂದು ಚಿತ್ರ ಬರೆದಿದ್ದಾರೆ. ಸಿಂಹ, ಕರಡಿ, ಏಡಿ, ಚೇಳು, ಹಾಯಿ ಕಟ್ಟಿದ ಹಡಗು. ಬಣ್ಣ ಈಗ ಚಹಾದ ಬಣ್ಣಕ್ಕೆ ತಿರುಗಿದೆ, ಆದರೆ ಗೆರೆಗಳು ಇನ್ನೂ ಸ್ಪಷ್ಟ. ಆ ಗೋಳಕ್ಕೊಂದು ಚಾಳಿ ಇತ್ತು. ಎಷ್ಟೇ ಜೋರಾಗಿ ತಿರುಗಿಸಿದರೂ ನಿಲ್ಲುವಾಗ ಒಬ್ಬ ಹೆಂಗಸಿನ ಚಿತ್ರವೇ ಎದುರಿಗೆ ಬಂದು ನಿಲ್ಲುತ್ತಿತ್ತು. ಬೆನ್ನಿಗೆ ರೆಕ್ಕೆ, ಕೈಯಲ್ಲಿ ಒಂದು ತೆನೆ. ಪಂಚಾಂಗದ ಕನ್ಯಾರಾಶಿ ಆಕೆಯೇ. ಕಾಕಾನ ಹೆಂಡತಿ ಕಾಕು ಮಾತ್ರ ಆಕೆಯನ್ನು ‘ತೆನಿ ಹಿಡಿದಾಕಿ’ ಎನ್ನುತ್ತಿದ್ದಳು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಎಡೆಯ ಚರಗ ಚೆಲ್ಲಲು ಹೊರಡುವ ಮುಂಚೆ ಆಕೆಯ ಹಣೆಗೆ ಕುಂಕುಮ ಹಚ್ಚುತ್ತಿದ್ದಳು. ಹೀಗಾಗಿ ಆ ಹೆಂಗಸಿನ ಹಣೆಯೆಲ್ಲ ಕೆಂಪಾಗಿದೆ.

ಕಾಕಾ ತೀರಿಹೋಗಿ ಕೆಲವು ವರ್ಷಗಳಾದವು. ಕಾಕು ಮಗ ಸೊಸೆಯ ಜೊತೆ ಗಟ್ಟಿಮುಟ್ಟಾಗಿದ್ದಾಳೆ. ಅಂಗಡಿಯ ದುಡ್ಡಿನ ಗಲ್ಲೆಯ ಮೇಲೆ ಮಧ್ಯಾಹ್ನ ಆಕೆಯೇ ಕೂರುವುದು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ದಿನ ಕಾಕುವಿನ ಫೋನ್ ಬಂತು.

“ತಂಗಿ, ಆಕಾಶ ಬಿತ್ತವಾ.”

ನನಗೆ ಮೊದಲು ತಿಳಿಯಲಿಲ್ಲ. “ಏನ್ ಬಿತ್ರಿ ಕಾಕು?”

“ಆಕಾಶ. ಬೆಕ್ಕು ಇಲಿ ಹಿಂದ ಜಿಗೀತು, ಬಾಕಿನ ಮ್ಯಾಲಿಂದ ಕೆಡವಿತು. ಬಿರುಕು ಬಿಟ್ಟೈತಿ. ಒಳಗ ಏನೋ ಗಲಗಲ ಅಂತೈತಿ. ತಿರುವಿದ್ರ ತೆನಿ ಹಿಡಿದಾಕಿ ಬರವಲ್ಲಳು.”

ಮರುದಿನ ಕರಜಗಿಗೆ ಹೋದೆ. ಗೋಳ ಕೌದಿಯ ಮೇಲೆ ಮಲಗಿತ್ತು. ಒಳಗೆ ಕಾಗದದ ತಿರುಳು, ಮೇಲೆ ಗಚ್ಚಿನ ತೆಳು ಪದರ, ಅದರ ಮೇಲೆ ಅಚ್ಚಿನ ಕಾಗದ. ಎರಡು ಅರ್ಧಗೋಳ ಕೂಡುವ ಜಾಗದಲ್ಲಿ ಎರಡು ಬೆರಳು ಹೋಗುವಷ್ಟು ಬಾಯಿ ತೆರೆದಿತ್ತು. ಕಾಕು ಪಕ್ಕದಲ್ಲಿ ನೆಲಕ್ಕೆ ಕೂತು, ಜ್ವರ ಬಂದ ಕೂಸಿನ ಹಾಗೆ ಅದರ ಮೇಲೆ ಕೈ ಇಟ್ಟುಕೊಂಡಿದ್ದಳು.

ಇದನ್ನು ಯಾರು ರಿಪೇರಿ ಮಾಡಿಯಾರು ಎಂದು ಯೋಚಿಸಿದೆ. ನಮ್ಮೂರ ಭಜನಿ ಮಂಡಳಿಯ ತಂಬೂರಿ ಒಡೆದಾಗ ನಾವು ಮಿರಜಿಗೆ ಒಯ್ದಿದ್ದೆವು. ಅಲ್ಲಿ ಸಿತಾರ, ತಂಬೂರಿ ಮಾಡುವವರ ಒಂದು ಓಣಿಯೇ ಇದೆ. ಒಣಗಿದ ಸೋರೆ ಬುರುಡೆಯ ಬಿರುಕನ್ನು ಕೂಡಿಸುವವರಿಗೆ ಈ ಗೋಳವೂ ಬಗ್ಗೀತು ಅನ್ನಿಸಿತು. ಹೇಳಿದೆ. ಕಾಕು ಕೌದಿಯ ಅಂಚನ್ನು ಗೋಳದ ಮೇಲೆ ಎಳೆದು ಹೊದಿಸಿದಳು.

“ಒಯ್ಯೂದಾದ್ರ ನಾನೂ ಬರ್ತೀನಿ.”

“ನೀವು ಯಾಕ ತ್ರಾಸ ತಗೋತೀರಿ ಕಾಕು? ಬಸ್ಸಿನ ದಾರಿ ಭಾಳ ಐತಿ.”

“ಇದು ಈ ಮನಿಗೆ ಬಂದಾಗಿಂದ ನನ್ನ ಬಿಟ್ಟು ಎಲ್ಲೂ ಹೋಗಿಲ್ಲ,” ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಹೀಗೆ ಒಂದು ಬೆಳಿಗ್ಗೆ ನಾವಿಬ್ಬರು ಆಕಾಶವನ್ನು ಕೌದಿಯಲ್ಲಿ ಸುತ್ತಿಕೊಂಡು ಲಾಲ್ ಪರಿ ಹತ್ತಿದೆವು. ನಮ್ಮ ಕಡೆ ಸರಕಾರಿ ಎಸ್‌ಟಿಯ ಕೆಂಪು ಬಸ್ಸಿಗೆ ಎಲ್ಲರೂ ಅನ್ನುವುದು ಹಾಗೆಯೇ. ಸ್ಟ್ಯಾಂಡು ನನ್ನ ಕಾಲ ಬಳಿ, ಗೋಳ ಕಾಕುವಿನ ತೊಡೆಯ ಮೇಲೆ. ಜತ್ತದಲ್ಲಿ ಬಸ್ ಬದಲಿಸಿದಾಗ ಹೊಸ ಕಂಡಕ್ಟರ್ ಗಂಟನ್ನು ನೋಡಿ ನಿಂತ.

“ಆಜಿ, ಹೇ ಕಾಯ ಆಹೇ?” ಇದೇನು ಎಂದು ಕೇಳಿದ.

“ಆಕಾಶ,” ಎಂದಳು ಕಾಕು. ಆ ಶಬ್ದ ಮರಾಠಿಯಲ್ಲೂ ಅದೇ, ಕನ್ನಡದಲ್ಲೂ ಅದೇ.

ಅವನು ನನ್ನ ಮುಖ ನೋಡಿದ. ನಾನು ಕೌದಿಯ ಅಂಚು ಸರಿಸಿ ಸಿಂಹವನ್ನು ತೋರಿಸಿದೆ. ಅವನು ಬಗ್ಗಿ ನೋಡಿ, ತನ್ನದು ಸಿಂಹರಾಶಿ ಎಂದು ಹೇಳಿ, ಸಿಂಹದ ಬಾಲವನ್ನು ಬೆರಳ ತುದಿಯಿಂದ ಮುಟ್ಟಿ ಮುಂದಿನ ಸೀಟಿಗೆ ಹೋದ. ಲಗೇಜಿನ ಮಾತೇ ಎತ್ತಲಿಲ್ಲ. ಅದಾದ ಮೇಲೆ ಹಿಂದಿನ ಸೀಟಿನವರು, ಬದಿಯ ಸೀಟಿನವರು ಒಬ್ಬೊಬ್ಬರಾಗಿ ತಮ್ಮ ರಾಶಿ ಎಲ್ಲಿದೆ ಎಂದು ಕೇಳತೊಡಗಿದರು. ಮಾಡಗ್ಯಾಳದ ಕುರಿ ಸಂತೆಯಿಂದ ಬಂದ ಒಬ್ಬ ಹಿರಿಯ, ಮೇಷ ರಾಶಿಯ ಟಗರನ್ನು ಬಹಳ ಹೊತ್ತು ನೋಡಿ, ಈ ಜಾತಿ ನಮ್ಮ ಕಡೆಯದಲ್ಲ, ಮೂಗು ಸಪಾಟ ಐತಿ ಎಂದ. ಕಾಕುವಿಗೆ ಖುಷಿಯೋ ಖುಷಿ. ಕವಠೆ ಮಹಾಂಕಾಳ ಬರುವ ಹೊತ್ತಿಗೆ ಕೌದಿ ಪೂರ್ತಿ ಬಿಚ್ಚಿತ್ತು.

ಜನ ಇಳಿದು ಬಸ್ ತುಸು ಖಾಲಿಯಾದಾಗ ನಾನು ಬಹಳ ದಿನದಿಂದ ಮನಸ್ಸಿನಲ್ಲಿದ್ದ ಒಂದು ಪ್ರಶ್ನೆ ಕೇಳಿದೆ.

“ಕಾಕು, ಪಾಲು ಮಾಡುವಾಗ ನಿಮಗ ಆಕಾಶ ಯಾರು ಕೊಟ್ರು?”

“ಯಾರೂ ಕೊಡ್ಲಿಲ್ಲ, ನಾನ ಆರಿಸಿಕೊಂಡೆ. ಸಣ್ಣ ಸೊಸಿ ಮೊದಲ ಆರಿಸ್ಲಿ ಅಂದ್ರು ನಮ್ಮತ್ತಿ.”

“ಚಿತ್ರ ಚಂದ ಅದಾವ ಅಂತ?”

ಕಾಕು ಕಿಟಕಿಯ ಹೊರಗೆ ನೋಡಿ ನಕ್ಕಳು. “ಚಿತ್ರ ಆಮ್ಯಾಲ. ನಿಮ್ಮಜ್ಜಗ ಒಂದು ಚಟ ಇತ್ತು. ಮನಿಗೆ ಯಾರರ ಬೀಗರು ಬಂದ್ರ ಸೊಸ್ಯಾರನ್ನ ಕರೀತಿದ್ದ. ಕಾಶಿ ಎಲ್ಲೈತಿ ತೋರಸವಾ, ಲಂಡನ್ ಎಲ್ಲೈತಿ ತೋರಸವಾ. ನಿಮ್ಮವ್ವ ಸಾಲಿ ಕಲತಾಕಿ, ಪಟ್ಟನ ತೋರಸ್ತಿದ್ಲು. ನನ್ನ ಕೈಬಟ್ಟು ಯಾವಾಗೂ ಸಮುದ್ರದ ನೀರಾಗ ಬೀಳ್ತಿತ್ತು. ಎಲ್ಲಾರೂ ನಗೋರು. ಆಕಾಶದ ಗೋಳದ ಮುಂದ ಯಾರೂ ಏನೂ ಕೇಳ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅದಕ್ಕ ಇದನ್ನ ಕೊಡ್ರಿ ಅಂದೆ.”

ನಾನೂ ನಕ್ಕೆ. ಇಷ್ಟು ವರ್ಷ ಎಷ್ಟೊಂದು ಮಕ್ಕಳನ್ನು ಗೋಳದ ಮುಂದೆ ನಿಲ್ಲಿಸಿ ಅದನ್ನೇ ಕೇಳಿದ್ದೆ ಎಂಬುದೂ ನೆನಪಾಯಿತು.

ಮಿರಜಿನ ಆ ಅಂಗಡಿಯಲ್ಲಿ ಮಾಡಿನಿಂದ ಸೋರೆ ಬುರುಡೆಗಳು ತೂಗಾಡುತ್ತಿದ್ದವು. ನೆಲದ ತುಂಬ ಕಟ್ಟಿಗೆಯ ಹೊಟ್ಟು, ಅಂಟಿನ ವಾಸನೆ. ಅಂಗಡಿಯಾತ ನನ್ನ ವಯಸ್ಸಿನವನೇ. ಕನ್ನಡದ ನಡುವೆ ಒಂದೊಂದು ಮರಾಠಿ ಮಾತು ಸೇರಿಸಿ ಮಾತಾಡುತ್ತಿದ್ದ.

“ಇಂಥಾದು ನಾನು ಹಿಂದ ಮಾಡಿಲ್ಲರಿ ಅಕ್ಕಾರ,” ಎಂದು ಮೊದಲೇ ಹೇಳಿದ. “ಮ್ಯಾಲಿನ ಕಾಗದಕ್ಕ ನಾ ಕೈ ಹಚ್ಚೂದಿಲ್ಲ. ಬಿರುಕು ಕೂಡಿಸ್ತೀನಿ, ಸ್ಟ್ಯಾಂಡಿನ ಕಾಲು ಬಿಗಿ ಮಾಡ್ತೀನಿ. ನಡೀತದೇನು?”

ನಡೆಯುತ್ತದೆ ಎಂದೆವು. ಅವನು ಗೋಳವನ್ನು ಬುರುಡೆಯ ಹಾಗೆ ತಟ್ಟಿ, ಕಿವಿಗೊಟ್ಟು, ಬಿರುಕಿನಲ್ಲಿ ಬ್ಯಾಟರಿಯ ಬೆಳಕು ಬಿಟ್ಟು ನೋಡಿದ. ಆಮೇಲೆ ಕೆಳಗೊಂದು ತಾಟು ಹಿಡಿದು ಮೆಲ್ಲಗೆ ಓರೆ ಮಾಡಿದ. ಸಾಸಿವೆಗಿಂತ ದಪ್ಪ, ಕಡಲೆಗಿಂತ ಸಣ್ಣ ಸೀಸದ ಗುಂಡುಗಳು ಗಲಗಲನೆ ತಾಟಿಗೆ ಬಿದ್ದವು. ಹಿಂದೆಯೇ ಹರಿದ ಒಂದು ಬಟ್ಟೆಯ ಚೀಲದ ಚೂರು ಬಂತು. ಗೋಳ ಒಂದು ಕಡೆ ವಾಲದಂತೆ ತೂಕ ಸರಿದೂಗಿಸಲು ಮಾಡಿದವರೇ ಒಳಗೆ ಅಂಟಿಸಿದ್ದ ಗುಂಡಿನ ಚೀಲ ಅದು. ಯಾವ ಕಾಲದಲ್ಲೋ ಜಾಗ ಬಿಟ್ಟು ಜಾರಿ ಬೇರೆ ಕಡೆ ಅಂಟಿಕೊಂಡಿತ್ತು. ಆ ಭಾರ ಪ್ರತಿ ಸಲ ಕೆಳಗೆ ಇಳಿಯುತ್ತಿದ್ದುದರಿಂದ ತೆನೆ ಹಿಡಿದವಳು ಎದುರಿಗೆ ಬರುತ್ತಿದ್ದಳು. ಬೆಕ್ಕು ಕೆಡವಿದಾಗ ಚೀಲ ಹರಿದಿತ್ತು.

ನಾನು ಇದನ್ನು ಕಾಕುವಿಗೆ ಬಿಡಿಸಿ ಹೇಳಿದೆ. ಹೇಳುವಾಗ ಸ್ವಲ್ಪ ಹೆದರಿಕೆಯೂ ಇತ್ತು. ಆಕೆ ತಾಟಿನಲ್ಲಿ ಕೈ ಆಡಿಸಿ ಗುಂಡುಗಳನ್ನು ನೋಡಿದಳು.

“ಅಂದ್ರ ಆಕಿ ತಾನಾಗೇ ಬರ್ತಿರಲಿಲ್ಲ.”

“ಇಲ್ಲರಿ ಕಾಕು.”

ಅಂಗಡಿಯಾತ ಕೇಳಿದ: ಹೊಸ ಚೀಲ ಹೊಲಿದು ಹಾಕುತ್ತೇನೆ, ಎಲ್ಲಿ ಹಾಕಲಿ? ಎಲ್ಲ ಕಡೆ ಸಮತೂಕ ಬರುವ ಹಾಗೆ ಹಾಕಬಹುದು. ಮೊದಲಿನ ಹಾಗೇ ಆಕೆಯೇ ಬಂದು ನಿಲ್ಲಬೇಕೆಂದರೆ ಹಾಗೂ ಹಾಕಬಹುದು. ನನಗೆ ಸಮತೂಕವೇ ಸರಿ ಅನ್ನಿಸುತ್ತಿತ್ತು. ಮಾಡಿದವರು ಮಾಡಿದ್ದು ಹಾಗೆ. ಆದರೆ ಎಳ್ಳ ಅಮಾವಾಸ್ಯೆಯ ಕುಂಕುಮ ನನ್ನದಲ್ಲವಲ್ಲ. ತೀರ್ಮಾನ ಕಾಕುವಿಗೆ ಬಿಟ್ಟೆ. ಚಹಾ ಬಂತು. ಕಾಕು ಚಹಾವನ್ನು ಬಸಿಗೆ ಸುರುವಿಕೊಂಡು ನಿಧಾನವಾಗಿ ಕುಡಿದಳು.

“ಸಮ ಮಾಡಿದ್ರ ಎಲ್ಲಾ ಚಿತ್ರಾನೂ ಬರ್ತಾವೇನು?”

“ಯಾವುದಾರ ಬರಬಹುದು. ಹೇಳಾಕ ಬರೂದಿಲ್ಲ,” ಎಂದೆ.

“ಹಂಗ ಮಾಡ್ರಿ,” ಎಂದಳು ಅಂಗಡಿಯಾತನಿಗೆ. “ಆಕಿನ್ನ ನೋಡಬೇಕಂದ್ರ ನಾನ ತಿರುವಿ ತಗೋತೀನಿ. ಉಳದಾವು ಇಷ್ಟು ದಿವಸ ಹಿಂದ ಕುಂತಾವ.”

ಅಲ್ಲೇ ಬಿಟ್ಟು ಬಂದ ಗೋಳವನ್ನು ಸಂಕ್ರಮಣಕ್ಕೆ ಮುಂಚೆ ಹೋಗಿ ತಂದೆವು. ಬಿರುಕು ಕೂಡಿತ್ತು, ಹತ್ತಿರ ಹೋಗಿ ನೋಡಿದರೆ ಮಾತ್ರ ಗೆರೆ ಕಾಣುತ್ತಿತ್ತು. ಎದ್ದಿದ್ದ ಕಾಗದದ ಅಂಚುಗಳನ್ನು ನಾನೇ ಕರಜಗಿಯಲ್ಲಿ ಕೂತು ಗೋಧಿ ಹಿಟ್ಟಿನ ತೆಳು ಅಂಟಿನಿಂದ ಕೂರಿಸಿದೆ. ಕಾಕು ಮೆತ್ತನೆಯ ಹಳೆ ಧೋತರದ ಚೂರಿನಿಂದ ಒತ್ತಿ ಹಿಡಿಯುತ್ತಿದ್ದಳು. ಸೊಸೆ ಅಂಗಡಿಯಿಂದ ಆಗಾಗ ಬಂದು ನೋಡಿ ಹೋಗುತ್ತಿದ್ದಳು. ಮಧ್ಯಾಹ್ನ ಸಜ್ಜೆ ರೊಟ್ಟಿ, ಪುಂಡಿಪಲ್ಯೆ. ಅಷ್ಟು ನೆಮ್ಮದಿಯ ಕೆಲಸವನ್ನು ನಾನು ನಿವೃತ್ತಳಾದ ಮೇಲೆ ಮಾಡಿರಲಿಲ್ಲ.

ಮೊದಲ ವಾರ ಕಾಕು ಮಂಕಾಗಿದ್ದಳಂತೆ. ಗೋಳ ಈಗ ಬೆರಳು ತಾಗಿಸಿದರೆ ಸಾಕು, ಸದ್ದಿಲ್ಲದೆ ತಿರುಗಿ ಎಲ್ಲೆಂದರಲ್ಲಿ ನಿಲ್ಲುತ್ತಿತ್ತು. ಮನೆಯಲ್ಲಿ ಬೇರೆ ಯಾರೋ ಬಂದು ಸೇರಿದ ಹಾಗೆ ಅನ್ನಿಸುತ್ತದೆ ಎಂದು ಹೇಳಿದಳು. ನನ್ನ ಮನಸ್ಸಿಗೂ ಚುರುಕ್ ಎಂದಿತು. ಆಮೇಲೆ ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನ್ ಮಾಡಿದಳು.

“ತಂಗಿ, ಇವತ್ತು ಹಡಗ ಬಂತು. ಇದು ಯಾರದು?”

ನನಗೂ ಗೊತ್ತಿರಲಿಲ್ಲ. ಹುಡುಕಿ ಓದಿ ಮರುದಿನ ಹೇಳಿದೆ. ಅಲ್ಲಿಂದ ಅದೇ ರೂಢಿಯಾಯಿತು. ಸಂಜೆಗೊಂದು ಸಲ ಆಕೆ ಗೋಳ ತಿರುಗಿಸುವುದು, ಯಾವುದು ಎದುರಿಗೆ ಬಂತೋ ಅದರ ಕಥೆಯನ್ನು ನಾನು ಹೇಳುವುದು. ಭೂಮಿಯ ಮೇಲಿನ ನದಿ, ಬೆಟ್ಟ, ಬಂದರುಗಳನ್ನೇ ಕಲಿಸಿಕೊಂಡು ಬಂದ ನಾನು ಈ ವಯಸ್ಸಿನಲ್ಲಿ ಮೇಲಿನದನ್ನು ಕಲಿಯುತ್ತಿದ್ದೇನೆ. ಬರೀ ಕಥೆ ಹೇಳಿದರೆ ಕಾಕುವಿಗೆ ಸಾಲದು. ಏಡಿ ನೀರು ಬಿಟ್ಟು ಅಲ್ಲಿ ಏನು ಮಾಡುತ್ತದೆ, ಕರಡಿಗೆ ಅಷ್ಟುದ್ದ ಬಾಲ ಯಾಕೆ ಬರೆದಿದ್ದಾರೆ ಎಂದೆಲ್ಲ ಕೇಳುತ್ತಾಳೆ.

ಬೇಸಿಗೆಯಲ್ಲಿ ಚೇಳು ಬಂದ ದಿನ ಆಕೆ ತಡರಾತ್ರಿ ಅಂಗಳಕ್ಕೆ ಹೋಗಿ ಆಕಾಶವನ್ನೂ ನೋಡಿ ಬಂದಿದ್ದಳು. ಮರುದಿನ ಕತ್ತಲಾದ ಮೇಲೆ ಫೋನ್ ಮಾಡಿದಳು.

“ಗೋಳದಾಗ ಚೇಳಿನ ಬಾಲ ಬಲಕ್ಕ ಐತಿ. ಮ್ಯಾಲ ನೋಡಿದ್ರ ಎಡಕ್ಕ ಐತಿ. ತಪ್ಪು ಬರದಾರೇನು?”

“ತಪ್ಪಲ್ಲರಿ ಕಾಕು. ನಾವು ಒಳಗ ನಿಂತು ನೋಡ್ತೀವಿ. ಗೋಳದ ಮ್ಯಾಲ ಬರದದ್ದು ಆಕಾಶದ ಹೊರಗ ನಿಂತು ನೋಡಿದ್ರ ಹೆಂಗ ಕಾಣ್ತೈತಿ ಹಂಗ. ಅದಕ್ಕ ಎಡಬಲ ಅದಲುಬದಲು.”

ಫೋನಿನಲ್ಲಿ ಅಂಗಡಿಯ ಗದ್ದಲ ಕೇಳುತ್ತಿತ್ತು. ಯಾರೋ ಕಾಲು ಕಿಲೋ ಸಕ್ಕರೆ ಕೇಳುತ್ತಿದ್ದರು.

“ಹೊರಗ ನಿಂತು ನೋಡಿದಾವ ಯಾರು ಮತ್ತ?”

ಯಾರೂ ಹಾಗೆ ನಿಂತು ನೋಡಿಲ್ಲ, ಲೆಕ್ಕ ಹಾಕಿ ಬರೆದದ್ದು ಎಂದು ಹೇಳಬಹುದಿತ್ತು. ಹೇಳಲಿಲ್ಲ.

“ಯಾರರ ಇರ್ಲಿ,” ಎಂದಳು ಕಾಕು. “ಚಲೋ ನೋಡ್ಯಾನ.” ಗಿರಾಕಿ ಬಂದಾರ, ನಾಳೆ ಮಾಡ್ತೀನಿ ಎಂದು ಫೋನ್ ಇಟ್ಟಳು. ನಾನು ಮೆಂತ್ಯೆ ಸೊಪ್ಪು ಸೋಸುತ್ತಿದ್ದವಳು ಮೊರವನ್ನು ಬದಿಗಿಟ್ಟು ಅಂಗಳಕ್ಕೆ ಹೋದೆ. ಆಗ್ನೇಯದಲ್ಲಿ ಬೇವಿನ ಗಿಡದ ಮೇಲೆ ಚೇಳು ಇನ್ನೂ ಅರ್ಧವೇ ಎದ್ದಿತ್ತು.