ಹೆದ್ದಾರಿಗೆ ಸೋರಿದ ಡೀಸೆಲ್

ಕಾಟಿಪಳ್ಳದ ಅಪ್ಪಿಯಕ್ಕ ಡ್ರೈವಿಂಗ್ ಕಲಿತದ್ದು ನಲವತ್ತು ದಾಟಿದ ಮೇಲೆ. ಗಂಡ ಜಯಣ್ಣನಿಗೆ ಸೊಂಟದ ನೋವಿನಿಂದ ಸೀಟಿನಲ್ಲಿ ಕೂರಲಾಗದೆ ಹೋದಾಗ, ಹಳೆಯ ಪಿಕಪ್ ಮಾರುವುದು ಬೇಡ, ನಾನೇ ಓಡಿಸುತ್ತೇನೆ ಎಂದು ಹೊರಟ ಹೆಂಗಸು. ಸುರತ್ಕಲ್ಲಿನ ಲಾಡ್ಜು, ಹಾಸ್ಟೆಲುಗಳ ಬೆಡ್‌ಶೀಟುಗಳನ್ನು ಬೈಕಂಪಾಡಿಯ ಲಾಂಡ್ರಿಗೆ ಒಯ್ದು, ಒಗೆದದ್ದನ್ನು ಮರಳಿ ತಲುಪಿಸುವುದು ಅವರ ಕೆಲಸ. ಇಷ್ಟು ವರ್ಷಗಳಲ್ಲಿ ಅವರ ಗಾಡಿ ಒಂದು ನಾಯಿಮರಿಗೂ ತಾಗಿರಲಿಲ್ಲ. ಆ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಸೊಸೆ ಭವ್ಯಶ್ರೀ ಪಕ್ಕದಲ್ಲಿ ಕೂತಿದ್ದಳು. ಹೆದ್ದಾರಿಗೆ ಬಂದ ಸ್ವಲ್ಪ ಹೊತ್ತಿಗೆ ಡೀಸೆಲ್ ವಾಸನೆ ಬರುತ್ತದೆ ಎಂದಳು. ಮುಂದೆ ಟ್ಯಾಂಕರ್ ಉಂಟಲ್ಲ, ಅದರದ್ದೇ ಇರಬೇಕು ಎಂದರು ಅಪ್ಪಿಯಕ್ಕ. ಅಷ್ಟರಲ್ಲಿ ಹಿಂದೆ ಏನೋ ಉಜ್ಜಿದ ಸದ್ದು. ಕನ್ನಡಿಯಲ್ಲಿ ನೋಡಿದರೆ ಸ್ಕೂಟರೊಂದು ಅಡ್ಡಬಿದ್ದು ಜಾರಿಕೊಂಡು ಬರುತ್ತಿತ್ತು. ಅದರ ಹಿಂದೆ ಒಬ್ಬಳು ಹುಡುಗಿ ಉರುಳುತ್ತಿದ್ದಳು.

ಅಪ್ಪಿಯಕ್ಕ ಗಾಡಿ ಬದಿಗೆ ಹಾಕಿ ಇಳಿದರು. ಪಾಪ, ಹೇಗೆ ಬಿದ್ದಳೋ ಎಂದುಕೊಂಡೇ ಓಡಿದವರು ಅರ್ಧದಲ್ಲಿ ನಿಂತುಬಿಟ್ಟರು. ಒದ್ದೆ ರಸ್ತೆಯ ಮೇಲೆ ಬಣ್ಣಬಣ್ಣದ ಎಣ್ಣೆಯ ಗೆರೆ. ಅದು ನೇರವಾಗಿ ತಮ್ಮ ಪಿಕಪ್ಪಿನ ಹೊಟ್ಟೆಯಡಿಗೆ ಹೋಗಿತ್ತು.

ಹಿಂದೆ ದೂರದಲ್ಲಿ ಲೋಡ್ ತುಂಬಿದ ಲಾರಿಯೊಂದು ಬರುತ್ತಿತ್ತು. ಅಪ್ಪಿಯಕ್ಕ ವಾಪಸು ಓಡಿ, ಗಾಡಿಯಲ್ಲಿದ್ದ ಬಟ್ಟೆಗಂಟಿನಿಂದ ಒಂದು ಬಿಳಿ ಬೆಡ್‌ಶೀಟ್ ಎಳೆದು, ಹುಡುಗಿಯನ್ನೂ ದಾಟಿ ಹೋಗಿ ರಸ್ತೆಯ ನಡುವೆ ನಿಂತು ಬೀಸತೊಡಗಿದರು. ಲಾರಿ ಬ್ರೇಕ್ ಹಾಕಿತು. ಆದರೂ ಚಕ್ರ ಜಾರಿ ಮೂತಿ ಓರೆಯಾಯಿತು. ಅಪ್ಪಿಯಕ್ಕ ಕದಲಲಿಲ್ಲ. ಕೈಚಾಚಿದರೆ ಬಂಪರ್ ಮುಟ್ಟುವಷ್ಟು ಹತ್ತಿರ ಬಂದು ಅದು ನಿಂತಿತು.

ಹುಡುಗಿಯ ಹೆಲ್ಮೆಟ್ ಕಳಚಿ ಬಿದ್ದಿತ್ತು. ಕಿವಿಯ ಹತ್ತಿರ ರಕ್ತ. ಹೆಸರು ಅನುಷ್ಕಾ ಎಂದು ಹೇಳಿ ಕಣ್ಣು ಮುಚ್ಚಿದಳು. ಭವ್ಯಶ್ರೀ ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದಳು. ಇನ್ನೊಬ್ಬರು ಬೀಳಬಾರದೆಂದು ಅಪ್ಪಿಯಕ್ಕ ಅಲ್ಲೇ ಉಳಿದು, ಲಾರಿಯವನ ಜೊತೆ ಸೇರಿ ಎಣ್ಣೆಯ ಮೇಲೆ ರಸ್ತೆಬದಿಯ ಮರಳು ಎರಚಿದರು.

ಫೋನ್ ಮಾಡಿ ಕರೆಸಿದ ಬೈಕಂಪಾಡಿಯ ಮೆಕ್ಯಾನಿಕ್ ಇರ್ವಿನ್ ಬಂದು, ಉಳಿದ ಡೀಸೆಲನ್ನು ಕ್ಯಾನಿಗೆ ಇಳಿಸಿ, ಮತ್ತೆ ಸೋರದಂತೆ ಟ್ಯಾಂಕಿನ ಬಿರುಕಿಗೆ ಸಾಬೂನು ತಿಕ್ಕಿ, ಗಾಡಿಯನ್ನು ತನ್ನ ಗ್ಯಾರೇಜಿಗೆ ಎಳೆಸಿಕೊಂಡು ಹೋದ. ಅಪ್ಪಿಯಕ್ಕ ಜೊತೆಗೇ ಹೋದರು. ಆಸ್ಪತ್ರೆಗೆ ಹೋಗಬಹುದಿತ್ತು, ಕಾಲು ಬರಲಿಲ್ಲ.

ಟ್ಯಾಂಕನ್ನು ಹಿಡಿದಿಡುವ ಪಟ್ಟಿಯ ಕೆಳಗೆ ತಗಡು ತುಕ್ಕು ತಿಂದು ಕಾಗದದಂತಾಗಿತ್ತು. ಬೇಗ ವೆಲ್ಡಿಂಗ್ ಮಾಡಿಕೊಡು ಎಂದರು ಅಪ್ಪಿಯಕ್ಕ.

“ಆಗುವುದಿಲ್ಲ ಅಕ್ಕ. ಖಾಲಿಯಾದರೂ ಒಳಗೆ ಆವಿ ಉಂಟು. ಕಿಡಿ ತಾಗಿದರೆ ನಾವಿಬ್ಬರೂ ಇರುವುದಿಲ್ಲ,” ಎಂದ ಇರ್ವಿನ್.

ಗುಜರಿಗೆ ಹೋದ ಇಂಥದೇ ಗಾಡಿಯ ಒಳ್ಳೆಯ ಟ್ಯಾಂಕೊಂದು ಅವನ ಬಳಿ ಇತ್ತು. ಬ್ಯಾಟರಿಯ ವಯರ್ ಕಳಚಿ ಕೆಲಸಕ್ಕೆ ಇಳಿದ. ಬೋಲ್ಟುಗಳು ತುಕ್ಕು ಹಿಡಿದು ಕೂತಿದ್ದವು. ಕಿಡಿ ಹಾರುವ ಗ್ರೈಂಡರ್ ಬೇಡವೆಂದು ಗರಗಸದಿಂದಲೇ ಕೊಯ್ದ. ಹಳೆಯದು ಇಳಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಭವ್ಯಶ್ರೀಯ ಫೋನ್ ಬಂದಿರಲಿಲ್ಲ. ತಲೆಯ ಸ್ಕ್ಯಾನಿಂಗಿಗೆ ಒಳಗೆ ಕರೆದುಕೊಂಡು ಹೋದರು ಎಂಬುದೇ ಕೊನೆಯ ಸುದ್ದಿ.

ಆ ದಿನ ಗ್ಯಾರೇಜಿನಲ್ಲಿ ಇರ್ವಿನ್ ಒಬ್ಬನೇ. ಬದಲಿ ಟ್ಯಾಂಕನ್ನು ಹಲಗೆಯ ಮೇಲಿಟ್ಟು ಜಾಕಿನಿಂದ ಏರಿಸುವಾಗ ಅದು ಒಂದು ಬದಿಗೆ ವಾಲಿತು. ಅಪ್ಪಿಯಕ್ಕ ಗಾಡಿಯಡಿಗೆ ನುಸುಳಿ ಎರಡೂ ಕೈಯಿಂದ ಒತ್ತಿ ಹಿಡಿದರು. ಅವನು ಪಟ್ಟಿ ಏರಿಸಿ ಬೋಲ್ಟ್ ತೂರಿಸುತ್ತಿದ್ದಾಗ ಬೆಂಚಿನ ಮೇಲಿದ್ದ ಫೋನ್ ರಿಂಗಾಯಿತು.

“ಬಿಡಬೇಡಿ ಅಕ್ಕ. ಬಿಟ್ಟರೆ ನನ್ನ ಬೆರಳು ಹೋಗ್ತದೆ.”

ಫೋನ್ ಹೊಡೆದುಕೊಂಡು ನಿಂತಿತು. ಮತ್ತೆ ಹೊಡೆಯಿತು. ಅಪ್ಪಿಯಕ್ಕ ಕೈ ಸಡಿಲಿಸಲಿಲ್ಲ, ಬೆವರು ಕಣ್ಣಿಗಿಳಿಯುತ್ತಿತ್ತು. ನಟ್ ಬಿಗಿಯಾಗಿ ಇರ್ವಿನ್ ಸಾಕು ಎಂದಾಗ ಹೊರಗೆ ತೆವಳಿ ಬಂದು ತಾವೇ ಫೋನ್ ಮಾಡಿದರು.

“ತಲೆಗೆ ಎಂತ ಆಗ್ಲಿಲ್ಲ ಮಾಮಿ. ಭುಜದ ಎಲುಬು ಮುರಿದಿದೆ. ಮಾತಾಡ್ತಾ ಇದ್ದಾಳೆ,” ಎಂದಳು ಭವ್ಯಶ್ರೀ.

ಅಪ್ಪಿಯಕ್ಕ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡರು. ಇರ್ವಿನ್ ಪೈಪು ಜೋಡಿಸಿ, ಡೀಸೆಲ್ ತುಂಬಿಸಿ, ಎಂಜಿನ್ ಚಾಲೂ ಮಾಡಿ, ಟ್ಯಾಂಕಿನ ಕೆಳಗೆ ರಟ್ಟು ಹಾಸಿದ. ಎಷ್ಟು ಹೊತ್ತಾದರೂ ಅದರ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಅನುಷ್ಕಾಳ ತಾಯಿ ಊರಿನಿಂದ ಬಂದು ತಲುಪುವಾಗ ಸಂಜೆ. ವಾರ್ಡಿನ ಹೊರಗೆ ಕೂತಿದ್ದ ಅಪ್ಪಿಯಕ್ಕ ಎದ್ದು ನಿಂತು, ನನ್ನ ಗಾಡಿಯ ಎಣ್ಣೆಗೆ ನಿಮ್ಮ ಮಗಳು ಜಾರಿದ್ದು ಎಂದರು. ಆ ತಾಯಿ ನೇರ ಮಗಳ ಬಳಿಗೆ ಒಳಗೆ ಹೋದರು. ತುಂಬ ಹೊತ್ತಿನ ಮೇಲೆ ಬಾಗಿಲಿಗೆ ಬಂದರು. ಮುಖದ ಬಿಗಿ ಇನ್ನೂ ಸಡಿಲವಾಗಿರಲಿಲ್ಲ.

“ಅವಳಿಗೆ ಗಂಜಿ ಬೇಕಂತೆ. ಇಲ್ಲಿ ಎಲ್ಲಿ ಸಿಗ್ತದೆ?”

ತರುತ್ತೇನೆ ಎಂದು ಅಪ್ಪಿಯಕ್ಕ ಮೆಟ್ಟಿಲಿಳಿದರು.