ಪ್ರೋಗ್ರಾಮ್ ಇಲ್ಲದ ಪ್ಯಾಕೇಜು

2014ರಲ್ಲಿ ಸೌದಿಯ ಥುಕ್ಬಾದ ನಮ್ಮ ಕಂಪೆನಿ ಶಾಖೆಗಳ ಕಂಪ್ಯೂಟರುಗಳನ್ನೆಲ್ಲ ವಿಂಡೋಸ್‌ನಿಂದ ಲಿನಕ್ಸ್‌ಗೆ ಬದಲಾಯಿಸಿತು. ಅದು ಪುಕ್ಕಟೆ ಎಂಬುದೊಂದೇ ಕಾರಣ. ಆದರೆ ಶಾಖೆಗಳನ್ನು ಕಚೇರಿಯ ನೆಟ್‌ವರ್ಕಿಗೆ ಜೋಡಿಸುವ ವಿಪಿಎನ್ ಪ್ರೋಗ್ರಾಮ್ ಇನ್ಯಾರದೋ. ಅದರ ಪರವಾನಗಿಯ ಪ್ರಕಾರ ಇನ್ನೊಬ್ಬರಿಗೆ ಪ್ರತಿ ಹಂಚುವಂತಿಲ್ಲ, ಬಿಚ್ಚಿ ನೋಡುವಂತಿಲ್ಲ, ಕೆಟ್ಟರೆ ತಯಾರಕರನ್ನು ಕೇಳುವಂತಿಲ್ಲ. ಮೀನು ಮಾರಿದ ಮೇಲೆ ಮುಳ್ಳು ಸಿಕ್ಕಿದ್ದು ನಿನ್ನ ಗಂಟಲಿನ ತಪ್ಪು ಎನ್ನುವ ವ್ಯಾಪಾರ.

ಅದನ್ನು ಶಾಖೆಯವರು ತಮ್ಮ ಕಂಪ್ಯೂಟರಿಗೆ ಸುಲಭವಾಗಿ ಹಾಕಿಕೊಳ್ಳುವಂಥ ಪ್ಯಾಕೇಜು ಮಾಡುವ ಕೆಲಸ ನನಗೆ ಬಂತು. ಪರವಾನಗಿಯನ್ನು ಓದಿದವನು ನಾನೊಬ್ಬನೇ. ಅರಬಿಯಲ್ಲಿದ್ದ ಕೆಲಸದ ಕರಾರಿಗೇ ಓದದೆ ಸಹಿ ಹಾಕಿ ಬಂದವರು ನಾವು. ನನ್ನ ಪ್ಯಾಕೇಜಿನಲ್ಲಿ ಪ್ರೋಗ್ರಾಮೇ ಇರಲಿಲ್ಲ. ಅದು ಷರತ್ತು ತೋರಿಸಿ, ಒಪ್ಪಿದರೆ ಮಾತ್ರ ತಯಾರಕರ ಸೈಟಿನಿಂದ ಇಳಿಸಿಕೊಳ್ಳುತ್ತಿತ್ತು. ಪ್ಯಾಕೇಜು ಮಾಡಿದವನ ಹೆಸರು, ಇಮೇಲ್ ಅದರಲ್ಲಿ ನಮೂದಿಸುವುದು ಕಡ್ಡಾಯ. ನನ್ನದನ್ನು ಬರೆದೆ.

ಉಡುಪಿ ಕಡೆಯ ಐಟಿ ಮ್ಯಾನೇಜರ್ ನಕ್ಕರು. "ಎಂತ ಮಾರಾಯ ಇದು? ಖಾಲಿ ಬುತ್ತಿ ಕೊಟ್ಟು ಊಟ ಹೋಟ್ಲಿಂದ ತಂದ್ಕೊಳ್ಳಿ ಅಂತಿಯಲ್ಲ!"

"ಪ್ರೋಗ್ರಾಮ್ ಒಳಗಿಟ್ಟು ಹಂಚ್ಲಿಕ್ಕೆ ಅನುಮತಿ ಇಲ್ಲ ಸರ್."

"ಆ ಷರತ್ತಿನ ಪುಟ ನೋಡಿದ್ರೆ ಹಾಯಿಲ್ ಶಾಖೆಯವ್ರು ಹೆದರಿ ಫೋನ್ ಮಾಡ್ತಾರೆ. ಬಿಡು, ನಾನೇ ಸರಿ ಮಾಡ್ತೇನೆ."

ಅವರು ಒಪ್ಪಿಗೆಯ ಪುಟ ಕಿತ್ತರು, ಪ್ರೋಗ್ರಾಮ್ ಒಳಗೆ ತುಂಬಿದರು, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಕಂಪೆನಿಯ ವೆಬ್‌ಸೈಟಿನಲ್ಲಿಟ್ಟರು. ನನ್ನ ಹೆಸರನ್ನು ಮಾತ್ರ ಮುಟ್ಟಲಿಲ್ಲ. ಶಾಖೆಗಳ ಸಭೆಯಲ್ಲಿ ಎದ್ದು ನಿಂತು, "ಇನ್ನು ಅದು ಒಂದು ಪ್ರಶ್ನೆಯೂ ಕೇಳುದಿಲ್ಲ, ನಾನೇ ಸರಿ ಮಾಡಿದ್ದು" ಎಂದರು. ಚಪ್ಪಾಳೆಯೂ ಬಿತ್ತು.

ತಯಾರಕರ ವಕೀಲರ ಇಮೇಲ್ ನೇರ ನನಗೆ ಬಂತು. ಕಂಪೆನಿಯ ಮೇಲೆ ದಾವೆ ಹೂಡುವ ಮಾತಿತ್ತು. ಆ ತಿಂಗಳೇ ನನ್ನ ಇಕಾಮಾ, ಅಂದರೆ ಸೌದಿಯಲ್ಲಿ ಉಳಿಯುವ ಅನುಮತಿ ಪತ್ರ, ಕಂಪೆನಿಯಿಂದ ನವೀಕರಣವಾಗಬೇಕಿತ್ತು. ಅದಾಗದಿದ್ದರೆ ಊರಿಗೆ ಟಿಕೆಟ್.

ಭಟ್ಕಳದವರಾದ ಮಾಲೀಕರು ಇಬ್ಬರನ್ನೂ ಕರೆದರು.

"ಪ್ಯಾಕೇಜು ಇವನದ್ದೇ ಸಾಹೇಬ್ರೇ. ಹೆಸರು ಉಂಟಲ್ಲ" ಎಂದರು ಮ್ಯಾನೇಜರ್.

"ಸಭೆಯಲ್ಲಿ ನೀವು ಮಾಡಿದ್ದು ಅಂತ ನಾನೂ ಚಪ್ಪಾಳೆ ಹೊಡೆದೆನಲ್ಲ?" ಎಂದರು ಮಾಲೀಕರು.

"ಅದು ಸಾಹೇಬ್ರೇ... ಸ್ವಲ್ಪ ಸರಿ ಮಾಡಿದ್ದು ಮಾತ್ರ."

"ಹಾಗಾದ್ರೆ ಇವನು ಮೊದ್ಲು ಮಾಡಿದ್ದನ್ನೇ ಹಾಕಿ. ಹೆಸರು ನಿಮ್ಮದು ಬರೀರಿ. ಬೈಗುಳ ಬಂದ್ರೆ ನಿಮಗೇ ಬರ್ಲಿ."

ಖಾಲಿ ಪ್ಯಾಕೇಜು ಮ್ಯಾನೇಜರ್ ಹೆಸರಿನಲ್ಲಿ ವಾಪಸ್ ಬಂತು. ವಕೀಲರು ಮತ್ತೆ ಬರೆಯಲಿಲ್ಲ. ನನ್ನ ಇಕಾಮಾ ಒಂದು ವರ್ಷಕ್ಕೆ ನವೀಕರಣವಾಯಿತು.